ರೈತ–ದನಗಾಹಿಗಳ ಕಲಹವೂ ಅನ್ನದ ಅಭಾವವೂ: ನೈಜೀರಿಯದ ನಿದರ್ಶನದ ಮೇಲಣ ವ್ಯಾಖ್ಯಾನಗಳ ವಿಮರ್ಶೆ

೧. ಪ್ರಸ್ತಾವನೆ

ಬೇಸಾಯಗಾರನಿಗೂ ದನಗಾಹಿಗೂ ಇರುವ ವೈರ ಮಾನವೇತಿಹಾಸದಷ್ಟೇ ಪ್ರಾಚೀನವಾದುದೆಂಬ ಮಾತು ನಮ್ಮ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಮಾತು ಸುಲಭವಾದುದು, ಆದರೆ ಇತಿಹಾಸಕಾರನಿಗೆ ಅದರಿಂದಾಗುವ ಪ್ರಯೋಜನ ಅತ್ಯಲ್ಪ. ಎಂದೆಂದಿಗೂ ಇದ್ದ ಕಾರಣವೊಂದು, ಒಂದು ನಿರ್ದಿಷ್ಟ ವರ್ಷದಲ್ಲಿ ಒಂದು ನಿರ್ದಿಷ್ಟ ನದಿಯ ದಂಡೆಯಲ್ಲಿ ನಡೆದ ಹತ್ಯೆಯನ್ನು ವಿವರಿಸಲಾರದು. ಈ ವಿಷಯವನ್ನು ಕುರಿತ ವಿದ್ವಾಂಸರ ಮತ್ತು ಆಡಳಿತಗಾರರ ಬರಹಗಳಲ್ಲಿ ಮೇಲಿಂದ ಮೇಲೆ ಕಾಣಬರುವ ವ್ಯಾಖ್ಯಾನಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಗ್ರಾಹ್ಯವಾದುದೆಷ್ಟು, ತ್ಯಾಜ್ಯವಾದುದೆಷ್ಟು ಎಂಬುದನ್ನು ನಿರ್ಣಯಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ಪಶ್ಚಿಮ ಆಫ್ರಿಕದ ನೈಜೀರಿಯವನ್ನು, ಅದರಲ್ಲಿಯೂ ದೇಶದ ಮಧ್ಯವಲಯದಲ್ಲಿರುವ ಬೆನುವೆ ನದಿಯ ಕಣಿವೆಯನ್ನು ಆರಿಸಿಕೊಂಡಿದೆ.

ಈ ಆಯ್ಕೆಗೆ ಕಾರಣವಿದೆ. ೧೯೬೦ರಲ್ಲಿ ಸ್ವಾತಂತ್ರ್ಯ ಪಡೆದಾಗ ಸುಮಾರು ನಾಲ್ಕೂವರೆ ಕೋಟಿಯಷ್ಟಿದ್ದ ನೈಜೀರಿಯದ ಜನಸಂಖ್ಯೆ ಇಂದು ಇಪ್ಪತ್ತೆರಡು ಕೋಟಿಯನ್ನು ಮೀರಿದೆ. ಪ್ರಪಂಚದಲ್ಲಿ ಬೆಳೆಯುವ ಯಾಮ್ ಗೆಣಸಿನ ಸುಮಾರು ಮೂರರಲ್ಲಿ ಎರಡು ಪಾಲು ಅಲ್ಲಿಯದು. ಮರಗೆಣಸಿನ ಉತ್ಪಾದನೆಯಲ್ಲಿಯೂ ಆ ದೇಶಕ್ಕೆ ಪ್ರಥಮ ಸ್ಥಾನ. ದೇಶದಲ್ಲಿ ಸುಮಾರು ಎರಡು ಕೋಟಿ ದನಗಳಿವೆ. ಅವುಗಳಲ್ಲಿ ಬಹುಪಾಲು ಋತುಮಾನಕ್ಕನುಸಾರವಾಗಿ ಸಂಚರಿಸುವ ಫುಲಾನಿ ದನಗಾಹಿಗಳ ಕೈಯಲ್ಲಿವೆ. ಬೆನುವೆ ರಾಜ್ಯವು ‘ರಾಷ್ಟ್ರದ ಅನ್ನದ ಬುಟ್ಟಿ’ ಎಂಬ ಬಿರುದನ್ನು ಹೊತ್ತಿದೆ. ಅಂಥ ರಾಜ್ಯದಲ್ಲಿಯೇ ಸಹಸ್ರಾರು ರೈತಕುಟುಂಬಗಳು ಹೊಲಗಳನ್ನು ಬಿಟ್ಟು, ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಪರರು ಕೊಡುವ ಧಾನ್ಯವನ್ನು ಕಾದು ಕುಳಿತಿವೆ. ಅನ್ನ ಬೆಳೆಯುವವನೇ ಅನ್ನಕ್ಕೆ ಕೈಯೊಡ್ಡಬೇಕಾದ ಈ ವಿಪರ್ಯಾಸಕ್ಕೆ ಕಾರಣವೇನು?

ಒಳ್ಳೆಯ ವ್ಯಾಖ್ಯಾನವೊಂದು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂದು ನಾವು ಅಪೇಕ್ಷಿಸುವುದು ನ್ಯಾಯ. ಮೊದಲನೆಯದು, ಕಲಹವು ಹಿಂದೆ ಇಷ್ಟು ಉಗ್ರವಾಗಿರದೆ ಈಗೇಕೆ ಉಗ್ರವಾಯಿತು? ಎರಡನೆಯದು, ಎಲ್ಲೆಡೆಯೂ ಅಲ್ಲದೆ ಇಲ್ಲಿಯೇ ಏಕೆ? ಮೂರನೆಯದು, ಅದರ ಫಲವಾಗಿ ಹಸಿದವರು ಯಾರು, ಯಾವ ಮಾರ್ಗದಿಂದ ಆ ಹಸಿವು ಅವರನ್ನು ಮುಟ್ಟಿತು? ಮುಂದಿನ ವಿವೇಚನೆಯಲ್ಲಿ ಈ ಮೂರನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಲಾಗಿದೆ.

೨. ಪರಂಪರಾಗತ ವೈರದ ವಾದ

ಮೊದಲನೆಯ ವಾದವು ಕಲಹವನ್ನು ಜನಾಂಗ ಮತ್ತು ಮತಗಳ ಹಳೆಯ ದ್ವೇಷಕ್ಕೆ ಒಪ್ಪಿಸುತ್ತದೆ. ಕ್ರಿ.ಶ. ೧೮೦೪ರಲ್ಲಿ ಉಸ್ಮಾನ್ ದನ್ ಫೋದಿಯೊವಿನ ನೇತೃತ್ವದಲ್ಲಿ ಆರಂಭವಾದ ಧರ್ಮಯುದ್ಧವೂ, ಅದರಿಂದ ಉದಿಸಿದ ಸೊಕೊಟೊ ಸಾಮ್ರಾಜ್ಯವೂ ಈ ವಾದದ ಆಧಾರಸ್ತಂಭಗಳು. ಆ ಸಾಮ್ರಾಜ್ಯದ ಅರಸುಮನೆತನಗಳು ಫುಲಾನಿಗಳಾಗಿದ್ದುವು. ಇಂದಿನ ದನಗಾಹಿಗಳೂ ಫುಲಾನಿಗಳು. ಬೆನುವೆಯ ರೈತರು ಬಹುಮಟ್ಟಿಗೆ ಕ್ರೈಸ್ತರಾದ ಟಿವ್ ಜನರು. ಆದುದರಿಂದ ಇಂದಿನ ದಾಳಿಗಳು ಅಂದಿನ ದಂಡಯಾತ್ರೆಯ ಮುಂದುವರಿಕೆ ಎಂಬುದು ಈ ವಾದದ ಸಾರಾಂಶ.

ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಗತಕಾಲದ ಸ್ಮರಣೆಯು ಭಯವನ್ನು ಬೆಳೆಸುತ್ತದೆ. ಭಯವು ಆಯುಧವನ್ನು ಹಿಡಿಸುತ್ತದೆ. ತಮ್ಮ ಭೂಮಿಯನ್ನು ಕಸಿದುಕೊಳ್ಳುವ ದೀರ್ಘಕಾಲದ ಸಂಕಲ್ಪವಿದೆಯೆಂದು ಬೆನುವೆಯ ಜನ ನಂಬುವುದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವುದು, ಸತ್ತವರನ್ನು ಹೂಳಿದವರಿಗೆ ಮಾಡುವ ಅವಮಾನವಾದೀತು. ಆದರೆ ಸ್ಮರಣೆ ಬೇರೆ, ಕಾರಣ ಬೇರೆ. ಟಿವ್ ಜನರು ಸೊಕೊಟೊ ಸಾಮ್ರಾಜ್ಯಕ್ಕೆ ಎಂದೂ ವಶರಾಗಲಿಲ್ಲ. ಬೆನುವೆಯ ದಕ್ಷಿಣದ ತೇವಭರಿತ ಕಾಡುಗಳಲ್ಲಿ ತ್ಸೆತ್ಸೆ ನೊಣದಿಂದ ಹರಡುವ ರೋಗಕ್ಕೆ ದನಗಳು ಬಲಿಯಾಗುತ್ತಿದ್ದುದರಿಂದ, ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಮಂದೆಗಳು ಅಲ್ಲಿ ನೆಲೆಸುವುದೇ ದುಸ್ಸಾಧ್ಯವಾಗಿತ್ತು. ದನಗಾಹಿಗಳು ದಕ್ಷಿಣಾಭಿಮುಖವಾಗಿ ಬಹುಸಂಖ್ಯೆಯಲ್ಲಿ ಬಂದುದು ಮುಖ್ಯವಾಗಿ ಇಪ್ಪತ್ತನೆಯ ಶತಮಾನದ ಸಂಗತಿ. ಅದಕ್ಕೆ ಔಷಧಗಳೂ, ಕಾಡು ಕಡಿದು ಬೇಸಾಯ ಹಬ್ಬಿದುದೂ, ನೊಣಗಳ ನಿಯಂತ್ರಣವೂ ನೆರವಾದುವು. ಹೀಗೆ ಬಂದವರು ಖಡ್ಗ ಹಿಡಿದ ಸವಾರರಲ್ಲ, ಮೇವನ್ನು ಅರಸಿ ಬಂದ ಕುಟುಂಬಗಳು.

ಈ ವಾದದ ಇನ್ನೊಂದು ದೋಷವೆಂದರೆ, ರೈತನು ಸ್ಥಾವರ, ದನಗಾಹಿಯು ಜಂಗಮ ಎಂಬ ಅದರ ಪೂರ್ವಗ್ರಹ. ಪಾಲ್ ಬೊಹಾನನ್ ಎಂಬ ಮಾನವಶಾಸ್ತ್ರಜ್ಞ ೧೯೫೪ರಲ್ಲಿ ಪ್ರಕಟಿಸಿದ ಲೇಖನದ ವಿಷಯವೇ ಟಿವ್ ಜನರ ವಲಸೆ ಮತ್ತು ವಿಸ್ತರಣೆ. ಹೊಸ ಹೊಲಗಳನ್ನು ಅರಸುತ್ತ ಟಿವ್ ಕುಲಗಳು ನೆರೆಯ ಪ್ರದೇಶಗಳಿಗೆ ಹಬ್ಬುತ್ತಲೇ ಬಂದವು. ಇತ್ತ ಡೆರಿಕ್ ಸ್ಟೆನಿಂಗ್ ೧೯೫೯ರ ತನ್ನ ಗ್ರಂಥದಲ್ಲಿ ಬೊರ್ನುವಿನ ಫುಲಾನಿಗಳ ಚಲನವನ್ನು ವಿವರಿಸುವಾಗ, ವರ್ಷವರ್ಷವೂ ಹೋಗಿಬರುವ ಋತುಸಂಚಾರ, ಆ ಸಂಚಾರದ ದಾರಿಯೇ ಮೆಲ್ಲಮೆಲ್ಲನೆ ಸರಿಯುವ ನಿಧಾನವಲಸೆ, ಇದ್ದ ನೆಲವನ್ನೇ ತೊರೆಯುವ ಪೂರ್ಣವಲಸೆ ಎಂದು ಮೂರು ಬಗೆಗಳನ್ನು ಬೇರ್ಪಡಿಸಿದನು. ಎರಡನ್ನೂ ಒಟ್ಟಿಗೆ ಓದಿದರೆ ತಿಳಿಯುವುದೇನೆಂದರೆ, ಬೆನುವೆಯ ಕಣಿವೆಯಲ್ಲಿ ಚಲಿಸುವ ಎರಡು ಸಮಾಜಗಳು ಸಂಧಿಸಿದುವು. ಒಂದು ದಿಕ್ಕಿನಿಂದ ಹೊಲ ಸರಿದು ಬಂತು, ಇನ್ನೊಂದು ದಿಕ್ಕಿನಿಂದ ಮಂದೆ ಸರಿದು ಬಂತು.

ಅಲ್ಲದೆ, ಅದೇ ವಲಯದಲ್ಲಿ ಟಿವ್ ಮತ್ತು ಜುಕುನ್ ಜನರ ನಡುವೆ ೧೯೯೦ರ ದಶಕದ ಆರಂಭದಲ್ಲಿಯೂ ೨೦೦೧ರಲ್ಲಿಯೂ ಘೋರವಾದ ಕಾದಾಟಗಳು ನಡೆದುವು. ಎರಡು ಪಕ್ಷದವರೂ ಬೇಸಾಯಗಾರರೇ. ಅಲ್ಲಿನ ವಿವಾದ, ಯಾರು ಆ ನೆಲದ ಮೂಲನಿವಾಸಿ, ಯಾರು ಹೊರಗಿನವನು ಎಂಬುದು. ೨೦೧೭ರ ಮಾರ್ಚಿಯಲ್ಲಿ ಬೆನುವೆಯ ಪ್ರಸಿದ್ಧ ಗೆಣಸಿನ ಸಂತೆಯಾದ ಝಾಕಿ ಬಿಯಮ್‌ನ ಮೇಲೆ ಬಂದೂಕುಧಾರಿಗಳು ದಾಳಿಮಾಡಿದಾಗ ಪೊಲೀಸರ ಸಂಶಯ ಹೋದುದು ಸ್ಥಳೀಯ ಸಶಸ್ತ್ರ ತಂಡವೊಂದರ ಮೇಲೆ, ದನಗಾಹಿಗಳ ಮೇಲಲ್ಲ. ಆ ವಲಯದ ಎಲ್ಲ ರಕ್ತಪಾತವನ್ನೂ ‘ರೈತ–ದನಗಾಹಿ ಕಲಹ’ವೆಂಬ ಒಂದೇ ತಲೆಬರಹದ ಕೆಳಗೆ ತುಂಬುವುದು ಎಷ್ಟು ಅಪಾಯಕರವೆಂಬುದಕ್ಕೆ ಇವು ಸಾಕಾದ ನಿದರ್ಶನಗಳು.

೩. ಹವಾಮಾನದ ವಾದ

ಎರಡನೆಯ ವಾದವು ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಮನ್ನಣೆ ಗಳಿಸಿದೆ. ೨೦೦೭ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಅವರು ಸುಡಾನಿನ ದಾರ್ಫುರ್ ಕಲಹದ ಮೂಲದಲ್ಲಿ ಹವಾಮಾನದ ಬದಲಾವಣೆಯಿದೆಯೆಂದು ಪತ್ರಿಕಾ ಲೇಖನವೊಂದರಲ್ಲಿ ಬರೆದ ಬಳಿಕ, ಅದೇ ಮಾದರಿಯನ್ನು ಸಾಹೇಲ್ ಪ್ರದೇಶದ ಉದ್ದಕ್ಕೂ ಅನ್ವಯಿಸುವುದು ರೂಢಿಯಾಯಿತು. ಮಳೆ ಕಡಮೆಯಾಯಿತು, ಮರುಭೂಮಿ ದಕ್ಷಿಣಕ್ಕೆ ಸರಿಯಿತು, ಚಾಡ್ ಸರೋವರ ಬತ್ತಿತು, ದನಗಾಹಿ ದಕ್ಷಿಣಕ್ಕೆ ಬಂದನು, ರೈತನೊಡನೆ ಹೋರಾಡಿದನು ಎಂಬುದು ಇದರ ಸರಣಿ.

ಈ ಸರಣಿಯ ಮೊದಲ ಕೊಂಡಿಗಳು ಗಟ್ಟಿಯಾದುವು. ೧೯೭೨–೭೩ ಮತ್ತು ೧೯೮೩–೮೪ರ ಬರಗಳು ಸಾಹೇಲಿನ ಮಂದೆಗಳನ್ನು ಧ್ವಂಸಮಾಡಿದುವೆಂಬುದರಲ್ಲಿ ಸಂದೇಹವಿಲ್ಲ. ೧೯೬೦ರ ದಶಕದ ಆರಂಭದಲ್ಲಿ ಸುಮಾರು ೨೫,೦೦೦ ಚದರ ಕಿಲೋಮೀಟರುಗಳಷ್ಟಿದ್ದ ಚಾಡ್ ಸರೋವರದ ವಿಸ್ತಾರವು ೧೯೮೦ರ ದಶಕದ ನಡುವಿನ ವೇಳೆಗೆ ಅದರ ಹತ್ತನೆಯ ಒಂದು ಭಾಗಕ್ಕೂ ಇಳಿದಿತ್ತು. ಅಂದು ದಕ್ಷಿಣಕ್ಕೆ ಬಂದ ಅನೇಕ ಕುಟುಂಬಗಳು ಹಿಂದಿರುಗಲಿಲ್ಲ.

ಆದರೆ ಕಾಲಾನುಕ್ರಮವು ಈ ವಾದಕ್ಕೆ ಪ್ರತಿಕೂಲವಾಗಿದೆ. ಬರದ ದಶಕಗಳು ೧೯೭೦ ಮತ್ತು ೧೯೮೦. ಸಾಹೇಲಿನ ಮಳೆಯು ೧೯೯೦ರ ದಶಕದಿಂದೀಚೆಗೆ ಬಹುಮಟ್ಟಿಗೆ ಚೇತರಿಸಿಕೊಂಡಿದೆ. ಚಾಡ್ ಸರೋವರವೂ ತನ್ನ ಅತ್ಯಂತ ಕೆಳಗಿನ ಮಟ್ಟದಿಂದ ಮೇಲೆ ಬಂದಿದೆ. ಹತ್ಯೆಗಳಾದರೋ ಉಲ್ಬಣಿಸಿದುದು ೨೦೧೦ರ ದಶಕದಲ್ಲಿ. ೨೦೧೮ರ ಮೊದಲ ಆರು ತಿಂಗಳುಗಳಲ್ಲಿಯೇ ೧,೩೦೦ಕ್ಕೂ ಹೆಚ್ಚು ಮಂದಿ ಮೃತರಾದರೆಂದು ಅಂತರರಾಷ್ಟ್ರೀಯ ಕ್ರೈಸಿಸ್ ಗ್ರೂಪ್ ಸಂಸ್ಥೆ ಲೆಕ್ಕ ಹಾಕಿತು. ಕಾರಣವು ತಗ್ಗಿದ ಮೇಲೆ ಕಾರ್ಯವು ಹೆಚ್ಚಿತೆಂದರೆ ನಡುವೆ ಬೇರೇನೋ ಇರಬೇಕು. ೨೦೧೨ರಲ್ಲಿ ಟೋರ್ ಬೆಂಜಮಿನ್ಸೆನ್ ಮತ್ತು ಸಹಲೇಖಕರು ಮಾಲಿ ದೇಶದ ಭೂವಿವಾದಗಳನ್ನು ಪರಿಶೀಲಿಸಿ, ಮಂದೆಯ ದಾರಿಗಳ ಮೇಲೆ ಬೇಸಾಯ ಅತಿಕ್ರಮಿಸಿದುದು, ಆಡಳಿತದ ನಿರ್ವಾತ, ಅಧಿಕಾರಿಗಳ ಲಂಚಕೋರತನ ಇವೇ ಹವಾಮಾನಕ್ಕಿಂತ ಬಲವಾದ ಕಾರಣಗಳೆಂಬ ತೀರ್ಮಾನಕ್ಕೆ ಬಂದುದು ಇಲ್ಲಿ ಸ್ಮರಣೀಯ.

ಹವಾಮಾನವನ್ನು ಸಂಪೂರ್ಣವಾಗಿ ಬಿಟ್ಟುಬಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಬರವು ಮಂದೆಯನ್ನು ದಾರಿಗೆ ಹಚ್ಚಬಲ್ಲದು. ಆದರೆ ದಾರಿಯ ಕೊನೆಯಲ್ಲಿ ಅದಕ್ಕೆ ಒಪ್ಪಂದ ಎದುರಾಗುವುದೋ ಬಂದೂಕು ಎದುರಾಗುವುದೋ ಎಂಬುದನ್ನು ನಿರ್ಧರಿಸುವುದು ಮನುಷ್ಯರ ಏರ್ಪಾಡು. ಹವಾಮಾನದ ವಾದವು ಆಳುವವರಿಗೆ ಪ್ರಿಯವಾಗಿರುವುದೂ ಈ ಕಾರಣದಿಂದಲೇ: ಆಕಾಶದ ಮೇಲೆ ಹೊರಿಸಿದ ಅಪವಾದಕ್ಕೆ ಭೂಮಿಯ ಮೇಲೆ ಯಾರೂ ಉತ್ತರ ಹೇಳಬೇಕಾಗಿಲ್ಲ.

೪. ‘ಸಾಮುದಾಯಿಕ ನೆಲದ ದುರಂತ’

ಮೂರನೆಯದು ಸಿದ್ಧಾಂತದ ರೂಪದಲ್ಲಿ ಬಂದಿರುವ ವಾದ. ೧೯೬೮ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವಶಾಸ್ತ್ರಜ್ಞ, ಎಲ್ಲರಿಗೂ ತೆರೆದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಒಂದೊಂದು ದನವನ್ನು ಹೆಚ್ಚಿಸುತ್ತ ಹೋಗಿ ಕೊನೆಗೆ ಹುಲ್ಲೇ ನಾಶವಾಗುತ್ತದೆಂದು ತರ್ಕಿಸಿದನು. ಸಂಚಾರಿ ದನಗಾರಿಕೆಯೇ ದೋಷಯುಕ್ತವಾದ, ಕಾಲ ಮೀರಿದ ವೃತ್ತಿ; ಬೇಲಿಯೊಳಗಿನ ಪಶುಕ್ಷೇತ್ರಗಳೇ ಪರಿಹಾರ ಎಂಬ ಆಧುನಿಕ ಆಡಳಿತಗಾರರ ನಂಬಿಕೆಯ ಹಿಂದೆ ಈ ತರ್ಕದ ನೆರಳಿದೆ.

ಹಾರ್ಡಿನ್ ಊಹಿಸಿದ ಹುಲ್ಲುಗಾವಲು ಬೆನುವೆಯಲ್ಲಿ ಎಂದೂ ಇರಲಿಲ್ಲ. ಅಲ್ಲಿದ್ದುದು ಕಟ್ಟುಪಾಡುಗಳಿಂದ ಕೂಡಿದ ನೆಲ. ಮಳೆಗಾಲದಲ್ಲಿ ಹೊಲ ರೈತನದು; ಸುಗ್ಗಿ ಮುಗಿದ ಮೇಲೆ ಕೂಳೆ ದನಕ್ಕೆ; ಬೇಸಗೆಯಲ್ಲಿ ನದೀಪಾತ್ರದ ಹಸುರು ಮೇವು ಅನುಮತಿ ಪಡೆದ ಮಂದೆಗೆ. ಊರಿನ ಮುಖಂಡನೂ ‘ಅರ್ದೊ’ ಎಂದು ಕರೆಯಲ್ಪಡುವ ದನಗಾಹಿಗಳ ನಾಯಕನೂ ಕೂಡಿ ದಾರಿಯನ್ನೂ ದಿನವನ್ನೂ ಗೊತ್ತುಮಾಡುತ್ತಿದ್ದರು. ಬೆಳೆ ಹಾಳಾದರೆ ಪರಿಹಾರವನ್ನೂ ಅವರೇ ತೀರ್ಮಾನಿಸುತ್ತಿದ್ದರು. ಇಂಥ ನೆಲವನ್ನು ‘ಯಾರದೂ ಅಲ್ಲದ ನೆಲ’ವೆನ್ನಲಾಗದು. ಹಾರ್ಡಿನ್‌ನೇ ೧೯೯೪ರಲ್ಲಿ ತನ್ನ ಮಾತನ್ನು ತಿದ್ದಿಕೊಂಡು, ತಾನು ಹೇಳಿದ್ದು ನಿರ್ವಹಣೆಯಿಲ್ಲದ ಸಾಮುದಾಯಿಕ ನೆಲಕ್ಕೆ ಮಾತ್ರ ಅನ್ವಯಿಸುತ್ತದೆಂದು ಒಪ್ಪಿದನು. ಎಲಿನೊರ್ ಆಸ್ಟ್ರಮ್ ೧೯೯೦ರ ತಮ್ಮ ಗ್ರಂಥದಲ್ಲಿ, ಸಮುದಾಯಗಳು ತಾವೇ ಮಾಡಿಕೊಂಡ ನಿಯಮಗಳಿಂದ ಇಂಥ ಸಂಪತ್ತನ್ನು ದೀರ್ಘಕಾಲ ಉಳಿಸಿಕೊಂಡ ನಿದರ್ಶನಗಳನ್ನು ಸಂಗ್ರಹಿಸಿದ್ದಾರೆ. ದುರಂತವಾದುದು ನಿಯಮ ಇದ್ದುದರಿಂದಲ್ಲ, ಇದ್ದ ನಿಯಮ ಅಳಿದುದರಿಂದ.

ಬಯಲುಸೀಮೆಯ ಪರಿಚಯವುಳ್ಳ ಓದುಗರಿಗೆ ಇದು ಹೊಸತಲ್ಲ. ಸುಗ್ಗಿಯ ಬಳಿಕ ಕುರುಬರ ಕುರಿಮಂದೆಯನ್ನು ರಾತ್ರಿಯ ಹೊತ್ತು ಹೊಲದಲ್ಲಿ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಪ್ರತಿಯಾಗಿ ದವಸವನ್ನೋ ಹಣವನ್ನೋ ಕೊಡುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ. ಬೆನುವೆಯ ಉತ್ತರಕ್ಕಿರುವ ಜೋಳ, ಸಜ್ಜೆಗಳ ನಾಡಿನಲ್ಲಿ ರೈತನಿಗೂ ಫುಲಾನಿಗೂ ಇದ್ದ ಕೊಡುಕೊಳೆಯೂ ಇದೇ ಜಾತಿಯದು.

೫. ಮುರಿದುಹೋದ ಏರ್ಪಾಡು

ಹಾಗಾದರೆ ಆ ಏರ್ಪಾಡು ಮುರಿದುದು ಹೇಗೆ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರವನ್ನು ಆಡಳಿತದ ಇತಿಹಾಸದಲ್ಲಿಯೂ ಬೇಸಾಯದ ಪಂಚಾಂಗದಲ್ಲಿಯೂ ಹುಡುಕಬೇಕು.

ಆಡಳಿತವನ್ನು ಮೊದಲು ನೋಡೋಣ. ಬ್ರಿಟಿಷರ ಕಾಲದ ಉತ್ತರ ನೈಜೀರಿಯದಲ್ಲಿ ‘ಜಂಗಲಿ’ ಎಂಬ ದನಗಳ ತೆರಿಗೆಯಿತ್ತು. ಅದು ಪೀಡಕವಾದ ತೆರಿಗೆ. ಅದನ್ನು ತಪ್ಪಿಸಿಕೊಳ್ಳಲು ದನಗಾಹಿಗಳು ಅನೇಕ ಉಪಾಯಗಳನ್ನು ಹೂಡುತ್ತಿದ್ದರು. ಆದರೂ ತೆರಿಗೆ ಕೊಟ್ಟವನಿಗೆ ಆ ಊರಿನಲ್ಲಿ ಒಂದು ಹೆಸರಿತ್ತು, ಅವನ ಅರ್ದೊವಿಗೆ ಒಂದು ಮಾತಿತ್ತು. ೧೯೭೦ರ ದಶಕದಲ್ಲಿ ಆ ತೆರಿಗೆ ರದ್ದಾಯಿತು. ೧೯೭೬ರ ಸ್ಥಳೀಯ ಸರಕಾರಗಳ ಸುಧಾರಣೆಯಿಂದ ಸಾಂಪ್ರದಾಯಿಕ ಮುಖಂಡರ ಅಧಿಕಾರ ಕುಗ್ಗಿತು. ೧೯೭೮ರ ಭೂಬಳಕೆಯ ಶಾಸನವು ಪ್ರತಿಯೊಂದು ರಾಜ್ಯದ ಭೂಮಿಯನ್ನೂ ಆಯಾ ರಾಜ್ಯಪಾಲನ ವಶಕ್ಕೆ ಕೊಟ್ಟಿತು. ಈ ಒಂದೊಂದು ಕ್ರಮಕ್ಕೂ ಸಮರ್ಥನೆ ಇದ್ದಿರಬಹುದು. ಒಟ್ಟು ಫಲವೇನೆಂದರೆ, ಹಳೆಯ ನ್ಯಾಯಪೀಠ ಹೋಯಿತು, ಹೊಸದು ಬರಲಿಲ್ಲ. ಉತ್ತರ ಪ್ರಾಂತದ ೧೯೬೫ರ ಕಾನೂನಿನ ಮೇರೆಗೆ ಗೊತ್ತುಮಾಡಿದ ಮೀಸಲು ಗೋಮಾಳಗಳಲ್ಲಿ ಕ್ರಮವಾಗಿ ಗಡಿ ಹಾಕಿ ದಾಖಲೆಗೆ ಸೇರಿದುವು ಅಲ್ಪಭಾಗ ಮಾತ್ರ. ಉಳಿದುವು ಕಾಗದದ ಮೇಲೆ ಉಳಿದುವು, ಇಲ್ಲವೆ ನೇಗಿಲಿಗೆ ಸಂದುವು. ಮೂಲನಿವಾಸಿಯೆಂಬ ಪ್ರಮಾಣಪತ್ರವಿಲ್ಲದವನಿಗೆ ಉದ್ಯೋಗದಲ್ಲಿಯೂ ವಿದ್ಯಾರ್ಥಿವೇತನದಲ್ಲಿಯೂ ಸ್ಥಳೀಯ ಪಾಲಿಲ್ಲವೆಂಬ ಪದ್ಧತಿಯು, ಎರಡು ಮೂರು ತಲೆಮಾರುಗಳಿಂದ ನೆಲಸಿದ ದನಗಾಹಿಯನ್ನೂ ಹೊರಗಿನವನನ್ನಾಗಿಯೇ ಉಳಿಸಿತು.

ಬೇಸಾಯದ ಪಂಚಾಂಗದ ಸಂಗತಿ ಇದಕ್ಕಿಂತಲೂ ಸ್ವಾರಸ್ಯವಾದುದು. ಇದುವರೆಗಿನ ವ್ಯಾಖ್ಯಾನಗಳು ಇದಕ್ಕೆ ತಕ್ಕ ಗಮನ ಕೊಟ್ಟಿಲ್ಲ. ಕೂಳೆ ಮೇಯಿಸುವ ಏರ್ಪಾಡಿಗೆ ಮೂಲಾಧಾರ, ಬೇಸಗೆಯಲ್ಲಿ ಹೊಲ ಬರಿದಾಗಿರಬೇಕೆಂಬುದು. ಜೋಳ, ಸಜ್ಜೆಗಳು ಬೆಳೆಯುವಲ್ಲಿ ಅದು ತಾನಾಗಿಯೇ ಒದಗುತ್ತದೆ. ಮರಗೆಣಸು ಹಾಗಲ್ಲ. ಅದು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಭೂಮಿಯಲ್ಲಿಯೇ ಇರುತ್ತದೆ. ಬೇಕಾದಾಗ ಕಿತ್ತು ತಿನ್ನಬಹುದೆಂಬುದೇ ಬಡವನಿಗೆ ಅದರ ದೊಡ್ಡ ಗುಣ. ಹಸಿವಿನಿಂದ ಕಾಪಾಡುವ ಆ ಬೆಳೆಯು, ಸುತ್ತಲೂ ಒಣಗಿದಾಗ ಹಸುರಾಗಿ ನಿಂತು, ದನದ ಬಾಯಿಗೆ ಸಿಕ್ಕುವ ಮೊದಲನೆಯದೂ ಆಗುತ್ತದೆ.

ನದೀಪಾತ್ರದ ತಗ್ಗುಭೂಮಿಯಾದ ‘ಫದಮ’ದ ವಿಷಯವೂ ಹೀಗೆಯೇ. ೧೯೯೦ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ರಾಷ್ಟ್ರೀಯ ಫದಮ ಯೋಜನೆಯು ಕೊಳವೆಬಾವಿಗಳನ್ನೂ ಸಣ್ಣ ಪಂಪುಗಳನ್ನೂ ಹರಡಿ, ಬೇಸಗೆಯಲ್ಲಿ ತರಕಾರಿಯ ಬೇಸಾಯವನ್ನು ಹೆಚ್ಚಿಸಿತು. ಉತ್ಪಾದನೆ ಏರಿತು. ಆದರೆ ಆ ತಗ್ಗುಭೂಮಿಯೇ ಬೇಸಗೆಯಲ್ಲಿ ಮಂದೆಗಳ ಕೊನೆಯ ಆಸರೆಯಾಗಿತ್ತು. ಹೊಸ ತರಕಾರಿ ತೋಟ ಎದ್ದಲ್ಲೆಲ್ಲ ನೀರಿಗಿಳಿಯುವ ದನದ ದಾರಿಯೊಂದು ಮುಚ್ಚಿತು. ಆಹಾರ ಹೆಚ್ಚಿಸಲೆಂದೇ ಹೂಡಿದ ಯೋಜನೆಯು ಆಹಾರದ ಇನ್ನೊಂದು ಮೂಲವಾದ ಹಾಲು ಮಾಂಸಗಳನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಮುಂದಿನ ಹಂತದ ಯೋಜನೆಯಲ್ಲಿ ದನಗಾಹಿಗಳ ಹಿತವನ್ನೂ ಸೇರಿಸಬೇಕಾಗಿ ಬಂದುದೇ ಈ ಲೋಪಕ್ಕೆ ಸಾಕ್ಷಿ.

ಹೀಗೆ ಹಳೆಯ ಏರ್ಪಾಡು ಶಿಥಿಲವಾಗಿದ್ದ ವೇಳೆಯಲ್ಲಿ, ೨೦೦೯ರಿಂದ ಈಶಾನ್ಯದಲ್ಲಿ ಬೊಕೊ ಹರಾಮ್ ದಂಗೆಯೂ, ವಾಯವ್ಯದಲ್ಲಿ ದನಗಳ್ಳರ ಹಾವಳಿಯೂ ಮಂದೆಗಳ ಹಳೆಯ ಮೇವುನೆಲೆಗಳನ್ನು ಮುಚ್ಚಿದುವು, ಬಂದೂಕುಗಳು ಅಗ್ಗವಾದುವು. ಮೊದಲ ಎರಡು ಪ್ರಶ್ನೆಗಳಾದ ‘ಈಗೇಕೆ, ಇಲ್ಲಿಯೇ ಏಕೆ’ ಎಂಬುವಕ್ಕೆ ಉತ್ತರ ಇಲ್ಲಿದೆ. ಕಾರಣವನ್ನು ಹೇಳುವುದು ಅಪರಾಧವನ್ನು ಮನ್ನಿಸುವುದಲ್ಲವೆಂಬುದನ್ನು ಮಾತ್ರ ಒತ್ತಿ ಹೇಳಬೇಕು. ೨೦೧೭ರ ನವೆಂಬರಿನಲ್ಲಿ ಅದಮಾವ ರಾಜ್ಯದ ನುಮಾನ್ ಬಳಿ ಫುಲಾನಿ ಹೆಂಗಸರನ್ನೂ ಮಕ್ಕಳನ್ನೂ ಕೊಂದವರಿಗಾಗಲಿ, ೨೦೧೮ರ ಹೊಸವರ್ಷದ ದಿನಗಳಲ್ಲಿ ಬೆನುವೆಯ ಗುಮಾ ಮತ್ತು ಲೋಗೊ ಪ್ರದೇಶಗಳಲ್ಲಿ ಹಳ್ಳಿಗರನ್ನು ಕೊಂದವರಿಗಾಗಲಿ ಮೇವಿನ ಅಭಾವವು ಸಮರ್ಥನೆಯಾಗದು. ಗುಮಾ, ಲೋಗೊಗಳ ಎಪ್ಪತ್ತಮೂರು ಮಂದಿಯನ್ನು ೧೧ ಜನವರಿ ೨೦೧೮ರಂದು ಮಕುರ್ದಿಯಲ್ಲಿ ಒಟ್ಟಿಗೆ ಹೂಳಲಾಯಿತು.

೬. ಅನ್ನದ ಲೆಕ್ಕ

ಮೂರನೆಯ ಪ್ರಶ್ನೆ ಹಸಿವಿನದು. ಈ ವಿಷಯದಲ್ಲಿ ಬಹಳವಾಗಿ ಉದ್ಧೃತವಾಗುವ ಒಂದು ಅಂಕಿಯಿದೆ. ೨೦೧೫ರಲ್ಲಿ ಮರ್ಸಿ ಕೋರ್ ಎಂಬ ಪರಿಹಾರಸಂಸ್ಥೆ, ಬೆನುವೆ, ಕದುನ, ನಸರಾವ, ಪ್ಲೇಟೊ ಎಂಬ ನಾಲ್ಕು ರಾಜ್ಯಗಳಲ್ಲಿ ಕಲಹ ನಿಂತರೆ ನೈಜೀರಿಯಕ್ಕೆ ವರ್ಷಕ್ಕೆ ೧,೩೭೦ ಕೋಟಿ ಡಾಲರುಗಳವರೆಗೆ ಲಾಭವಾದೀತೆಂದು ಅಂದಾಜು ಮಾಡಿತು. ಕಲಹದ ಆರ್ಥಿಕ ಮುಖವನ್ನು ಎತ್ತಿ ತೋರಿಸಿದುದೂ, ಕುಟುಂಬಗಳ ಆದಾಯವನ್ನು ಗಣನೆಗೆ ತಂದುದೂ ಆ ವರದಿಯ ಗುಣ. ಆದರೆ ಒಟ್ಟು ಮೊತ್ತವು ಹಸಿವಿನ ಅಳತೆಯಾಗಲಾರದು. ಯಾರ ಪಾಲಿಗೆ ಎಷ್ಟು ನಷ್ಟವಾಯಿತು, ಆ ನಷ್ಟ ಒಂದು ವರ್ಷದ್ದೋ ಹತ್ತು ವರ್ಷದ್ದೋ ಎಂಬುದು ಮೊತ್ತದಲ್ಲಿ ಅಡಗಿಹೋಗುತ್ತದೆ.

೧೯೯೬ರ ರೋಮ್ ಆಹಾರ ಸಮ್ಮೇಲನವು ಆಹಾರ ಭದ್ರತೆಯನ್ನು ವಿವರಿಸುವಾಗ ಆಹಾರ ಇದ್ದರೆ ಸಾಲದು, ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಅದು ಕೈಗೆಟುಕಬೇಕೆಂದಿತು. ಅದಕ್ಕೂ ಹದಿನೈದು ವರ್ಷ ಮುಂಚೆ, ೧೯೮೧ರಲ್ಲಿ, ಅಮರ್ತ್ಯ ಸೇನರು ತಮ್ಮ ಕ್ಷಾಮಗ್ರಂಥದಲ್ಲಿ ಇದರ ತತ್ತ್ವವನ್ನು ಪ್ರತಿಪಾದಿಸಿದ್ದರು. ಬಂಗಾಳದ ೧೯೪೩ರ ಕ್ಷಾಮದ ಅಧ್ಯಾಯವನ್ನು ನಮ್ಮ ವಿದ್ಯಾರ್ಥಿಗಳು ಓದುತ್ತಾರೆ. ಇಥಿಯೋಪಿಯ ಮತ್ತು ಸಾಹೇಲ್‌ಗಳ ಅಧ್ಯಾಯಗಳನ್ನು ಓದುವವರು ವಿರಳ. ಪಶುಪಾಲಕನು ಕೇವಲ ಹಾಲು ಮಾಂಸಗಳಿಂದ ಜೀವಿಸುವುದಿಲ್ಲ; ಅವನು ದುಬಾರಿಯಾದ ಪಶುವನ್ನು ಮಾರಿ ಅಗ್ಗವಾದ ಧಾನ್ಯವನ್ನು ಕೊಳ್ಳುತ್ತಾನೆ; ಸಂಕಟಕಾಲದಲ್ಲಿ ದನದ ಬೆಲೆ ಬಿದ್ದು ಧಾನ್ಯದ ಬೆಲೆ ಏರಿದಾಗ, ಮಂದೆಯಿದ್ದೂ ಅವನು ಉಪವಾಸ ಬೀಳುತ್ತಾನೆಂದು ಸೇನರು ಅಲ್ಲಿ ತೋರಿಸಿದ್ದಾರೆ. ಇಥಿಯೋಪಿಯದ ಅವಾಶ್ ಕಣಿವೆಯಲ್ಲಿ ಅಫಾರ್ ಪಶುಪಾಲಕರ ಬೇಸಗೆಯ ಮೇವುನೆಲವನ್ನು ವಾಣಿಜ್ಯ ಬೇಸಾಯ ಕಬಳಿಸಿದುದನ್ನೂ ಅವರು ಎತ್ತಿ ಹೇಳಿದ್ದಾರೆ. ಫದಮದ ಕತೆಗೂ ಅದಕ್ಕೂ ಇರುವ ಸಾದೃಶ್ಯ ಸ್ಪಷ್ಟವಾಗಿದೆ.

ಈ ದೃಷ್ಟಿಯಿಂದ ಬೆನುವೆಯನ್ನು ನೋಡೋಣ. ಯಾಮ್ ಗೆಣಸನ್ನು ಬೀಜದಿಂದ ಬೆಳೆಯುವುದಿಲ್ಲ. ಹಿಂದಿನ ಫಸಲಿನ ಗೆಡ್ಡೆಗಳಲ್ಲಿ ಗಣನೀಯ ಭಾಗವನ್ನು ಬಿತ್ತನೆಗೆಂದು ಎತ್ತಿಟ್ಟು, ಬೇಸಗೆಯಲ್ಲಿ ಮಣ್ಣಿನ ಗುಪ್ಪೆಗಳನ್ನು ಎಬ್ಬಿಸಿ ಅವುಗಳಲ್ಲಿ ಹೂಳಬೇಕು. ಮಂದೆಗಳು ಬರುವುದೂ ಬೇಸಗೆಯಲ್ಲಿಯೇ, ದಾಳಿಗಳು ಹೆಚ್ಚುವುದೂ ಆಗಲೇ. ಜನವರಿಯಲ್ಲಿ ಓಡಿಹೋದ ಕುಟುಂಬ ಕಣಜದಲ್ಲಿದ್ದ ಗೆಣಸನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ಬಿತ್ತನೆಯ ಗೆಡ್ಡೆಯನ್ನೂ, ಅದರೊಡನೆ ಮುಂದಿನ ಫಸಲನ್ನೂ ಕಳೆದುಕೊಳ್ಳುತ್ತದೆ. ಗೆಡ್ಡೆಯಿಂದ ಗೆಡ್ಡೆಗೆ ವೃದ್ಧಿ ನಿಧಾನವಾದುದರಿಂದ, ಶಾಂತಿ ನೆಲಸಿ ಊರಿಗೆ ಮರಳಿದ ಮೇಲೂ ಹಿಂದಿನ ಮಟ್ಟದ ಬೇಸಾಯಕ್ಕೆ ಹಲವು ವರ್ಷಗಳು ಬೇಕು. ಈ ನಷ್ಟ ವಾರ್ಷಿಕ ಉತ್ಪಾದನೆಯ ಅಂಕಿಗಳಲ್ಲಿ ಕಾಣುವುದಿಲ್ಲ.

ದನಗಾಹಿಯ ಮನೆಯ ಹಸಿವು ಇನ್ನೂ ಮರೆಯಾದುದು. ಫುಲಾನಿ ಸಮಾಜದಲ್ಲಿ ಹಾಲಿನ ವ್ಯಾಪಾರ ಹೆಂಗಸರದು. ‘ನೊನೊ’ ಎಂಬ ಹುಳಿಹಾಲನ್ನು ಸಂತೆಗೆ ಒಯ್ದು, ಅದರ ಹಣದಿಂದ ದವಸ ತರುವುದು ಅವರ ನಿತ್ಯದ ಕೆಲಸ. ಹಳ್ಳಿಯೊಡನೆ ವೈರ ಬೆಳೆದಾಗ ಮೊದಲು ಮುಚ್ಚುವ ಬಾಗಿಲು ಆ ಸಂತೆಯದು. ಶಿಬಿರದಲ್ಲಿರುವ ರೈತನ ಹಸಿವನ್ನು ಅಧಿಕಾರಿಗಳು ಎಣಿಸುತ್ತಾರೆ. ಪೊದೆಗಾಡಿನಲ್ಲಿ ಸರಿದುಹೋದ ಆ ಮನೆಯ ಮಕ್ಕಳನ್ನು ಎಣಿಸುವವರಿಲ್ಲ.

ಎರಡು ವೃತ್ತಿಗಳ ಪರಸ್ಪರಾವಲಂಬನ ಎಷ್ಟೆಂಬುದನ್ನು ೨೦೨೧ರ ಆರಂಭದ ಒಂದು ಪ್ರಸಂಗ ತೋರಿಸಿಕೊಟ್ಟಿತು. ಇಬಾದನ್ ನಗರದ ಶಾಶಾ ಸಂತೆಯಲ್ಲಿ ನಡೆದ ಗಲಭೆ ಮತ್ತು ಇತರ ಅಹವಾಲುಗಳನ್ನು ಮುಂದೊಡ್ಡಿ, ಉತ್ತರದ ಆಹಾರ ಹಾಗೂ ದನಗಳ ವ್ಯಾಪಾರಿಗಳ ಸಂಘವು ದಕ್ಷಿಣಕ್ಕೆ ಸರಬರಾಜನ್ನೇ ನಿಲ್ಲಿಸಿತು. ಕೆಲವೇ ದಿನಗಳಲ್ಲಿ ದಕ್ಷಿಣದ ಪಟ್ಟಣಗಳಲ್ಲಿ ಮಾಂಸ, ಈರುಳ್ಳಿ, ಟೊಮೆಟೊಗಳ ಬೆಲೆ ಏರಿತು; ಉತ್ತರದಲ್ಲಿ ಅವೇ ಪದಾರ್ಥಗಳು ಕೊಳ್ಳುವವರಿಲ್ಲದೆ ಕೊಳೆತುವು. ಆಹಾರ ದೇಶದಲ್ಲಿತ್ತು, ಅದು ಸಾಗುವ ದಾರಿ ಇರಲಿಲ್ಲ.

ಆದರೂ ಎಲ್ಲ ಅಭಾವವನ್ನೂ ಕಲಹದ ತಲೆಗೆ ಕಟ್ಟುವುದು ಸಲ್ಲದು. ೨೦೨೪ರ ಜೂನಿನಲ್ಲಿ ನೈಜೀರಿಯದ ಆಹಾರದ ಬೆಲೆಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ ನಲವತ್ತಕ್ಕೂ ಹೆಚ್ಚಾಗಿದ್ದುವು. ೨೦೨೫ರ ಜೂನ್–ಆಗಸ್ಟ್ ಅವಧಿಯಲ್ಲಿ ಸುಮಾರು ಮೂರು ಕೋಟಿ ಜನ ತೀವ್ರವಾದ ಆಹಾರಾಭಾವಕ್ಕೆ ಗುರಿಯಾಗುವರೆಂಬ ಅಂದಾಜಿತ್ತು. ೨೦೨೩ರಲ್ಲಿ ಪೆಟ್ರೋಲಿನ ಸಹಾಯಧನ ನಿಂತುದೂ, ನಾಣ್ಯದ ಬೆಲೆ ಕುಸಿದುದೂ ಇದರಲ್ಲಿ ದೊಡ್ಡ ಪಾಲು ವಹಿಸಿವೆ. ಕಲಹವು ಹಸಿವಿನ ಏಕೈಕ ಕಾರಣವಲ್ಲ. ಇತರ ಕಾರಣಗಳು ಬಂದೆರಗಿದಾಗ ತಾಳಿಕೊಳ್ಳುವ ಶಕ್ತಿಯನ್ನು ಅದು ಮುಂಚೆಯೇ ಕಿತ್ತುಕೊಂಡಿರುತ್ತದೆ.

೭. ಉಪಸಂಹಾರ

ವ್ಯಾಖ್ಯಾನ ತಪ್ಪಿದರೆ ಪರಿಹಾರವೂ ತಪ್ಪುತ್ತದೆ. ಬೆನುವೆ ರಾಜ್ಯವು ೨೦೧೭ರಲ್ಲಿ ಬಯಲು ಮೇವನ್ನು ನಿಷೇಧಿಸಿ, ಪಶುಕ್ಷೇತ್ರಗಳನ್ನು ಸ್ಥಾಪಿಸುವ ಶಾಸನ ಮಾಡಿತು. ನವೆಂಬರ್ ೧ರಿಂದ ಅದು ಜಾರಿಗೆ ಬಂತು. ತನ್ನ ಪ್ರಜೆಗಳ ಬೆಳೆಯನ್ನೂ ಪ್ರಾಣವನ್ನೂ ರಕ್ಷಿಸುವ ಹೊಣೆ ರಾಜ್ಯಕ್ಕಿದ್ದುದರಿಂದ ಅದರ ಉದ್ದೇಶವನ್ನು ನಿಂದಿಸಲಾಗದು. ಆದರೆ ಪಶುಕ್ಷೇತ್ರಕ್ಕೆ ಬೇಕಾದ ಭೂಮಿ, ಬಂಡವಾಳ, ನೀರು ಸಾಮಾನ್ಯ ದನಗಾಹಿಯ ಕೈಗೆಟುಕುವಂತೆ ಒದಗುವ ಮೊದಲೇ ನಿಷೇಧ ಬಂತು. ಅನೇಕ ಮಂದೆಗಳು ನೆರೆಯ ನಸರಾವಕ್ಕೆ ಸರಿದುವು. ಕಲಹ ಗಡಿಯ ಹಳ್ಳಿಗಳಿಗೆ ಸರಿಯಿತು. ಒಕ್ಕೂಟ ಸರಕಾರವು ದನಗಾಹಿಗಳ ವಸತಿಗಾಗಿ ೨೦೧೯ರಲ್ಲಿ ಹೊರತಂದ ‘ರುಗ’ ಯೋಜನೆಯು ಭೂಮಿ ಕೈಬಿಟ್ಟೀತೆಂಬ ಭಯದಿಂದ ಎದ್ದ ವಿರೋಧಕ್ಕೆ ಮಣಿದು ಕೆಲವೇ ವಾರಗಳಲ್ಲಿ ನಿಂತಿತು. ೨೦೨೪ರ ಜುಲೈಯಲ್ಲಿ ಪಶುಸಂಗೋಪನೆಗೆ ಪ್ರತ್ಯೇಕ ಮಂತ್ರಿಖಾತೆ ಏರ್ಪಟ್ಟಿದೆ. ಅದಾದ ಮೇಲೂ ೨೦೨೫ರ ಜೂನಿನಲ್ಲಿ, ನಸರಾವದ ಗಡಿಗೆ ಹತ್ತಿರವಿರುವ ಯೆಲ್ವಟ ಗ್ರಾಮದಲ್ಲಿ ಒಂದು ರಾತ್ರಿ ಕನಿಷ್ಠ ನೂರು ಮಂದಿ ಹತರಾದರೆಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ತಿಳಿಸಿತು. ಹಂತಕರನ್ನು ಹಿಡಿದು ವಿಚಾರಣೆಗೆ ಗುರಿಪಡಿಸದೆ ಯಾವ ಭೂಸುಧಾರಣೆಯೂ ಊರಿಕೊಳ್ಳದು. ಭೂಮಿಯ ಮತ್ತು ಮೇವಿನ ಪ್ರಶ್ನೆಗಳನ್ನು ತೀರಿಸದೆ ಪೊಲೀಸು ಪಹರೆಯೊಂದೇ ಬಹುಕಾಲ ನಿಲ್ಲದು.

ಮೇಲ್ಕಂಡ ವಿವೇಚನೆಯಿಂದ ಫಲಿಸುವ ನಿರ್ಣಯಗಳನ್ನು ಸಂಗ್ರಹವಾಗಿ ಹೇಳಬಹುದು. ಪರಂಪರಾಗತ ವೈರದ ವಾದವು ಕಲಹದ ಭಾಷೆಯನ್ನು ವಿವರಿಸುತ್ತದೆ, ಅದರ ಉದ್ಭವವನ್ನಲ್ಲ. ಹವಾಮಾನದ ವಾದವು ಮಂದೆಯ ಚಲನವನ್ನು ವಿವರಿಸುತ್ತದೆ, ಹತ್ಯೆಯನ್ನಲ್ಲ. ಸಾಮುದಾಯಿಕ ನೆಲದ ಸಿದ್ಧಾಂತವು ನಿಯಮಗಳ ಅಳಿವನ್ನು ನಿಯಮಗಳ ಅಭಾವವೆಂದು ತಪ್ಪಾಗಿ ಓದುತ್ತದೆ. ಹೊಲಕ್ಕೂ ಹುಲ್ಲಿಗೂ ನಡುವೆ ಇದ್ದ ಋತುಬದ್ಧವಾದ ಏರ್ಪಾಡು ಆಡಳಿತದ ಉಪೇಕ್ಷೆಯಿಂದಲೂ, ಒಂದು ಕಣ್ಣಿನಿಂದ ಮಾತ್ರ ನೋಡಿದ ಆಹಾರನೀತಿಯಿಂದಲೂ ಮುರಿದುಬಿದ್ದುದೇ ಹೆಚ್ಚು ಸಮಂಜಸವಾದ ವಿವರಣೆಯೆಂದು ತೋರುತ್ತದೆ.

ಈ ದಿಶೆಯಲ್ಲಿ ಮುಂದೆ ಆಗಬೇಕಾದ ಕೆಲಸ ಬಹಳವಿದೆ. ತೆರಿಗೆಯ ದಫ್ತರಗಳು, ಬೆಳೆಗಳ ಪಂಚಾಂಗ, ಸಂತೆಯಲ್ಲಿ ದನ ಮತ್ತು ಧಾನ್ಯಗಳ ಬೆಲೆಗಳು ಎಂಬ ಮೂರು ಬಗೆಯ ಆಧಾರಗಳನ್ನು ಬೇರೆ ಬೇರೆ ಶಾಸ್ತ್ರದವರು ಬೇರೆ ಬೇರೆಯಾಗಿ ಓದುತ್ತಿದ್ದಾರೆ. ಅವನ್ನು ಒಂದೇ ಮೇಜಿನ ಮೇಲೆ ಇಟ್ಟು ಓದುವುದು ಇತಿಹಾಸ ವಿಭಾಗಗಳಿಗೆ ತಕ್ಕ ಕಾರ್ಯ. ನಮ್ಮ ನಾಡಿನಲ್ಲಿಯೂ ಗೋಮಾಳಗಳೂ ಕಾವಲುಗಳೂ ಬೇರೆ ಬೇರೆ ಉದ್ದೇಶಗಳಿಗೆ ಸಲ್ಲುತ್ತಿರುವಾಗ, ಕುರಿಮಂದೆಗಳು ಸಾಗುವ ದಾರಿ, ಅವುಗಳಿಗೂ ಹೊಲಗಳಿಗೂ ಇರುವ ಒಪ್ಪಂದ, ಆ ಒಪ್ಪಂದದಿಂದ ಎರಡು ಮನೆಗಳಿಗೂ ದೊರೆಯುವ ದವಸ ಇವುಗಳನ್ನು ಜಿಲ್ಲೆ ಜಿಲ್ಲೆಯಾಗಿ ದಾಖಲಿಸಿಡುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಒಪ್ಪಂದ ಇನ್ನೂ ಜೀವಂತವಾಗಿರುವಾಗಲೇ ಅದನ್ನು ಬರೆದಿಡುವುದು, ಮುರಿದ ಮೇಲೆ ಅದರ ಕಾರಣಗಳನ್ನು ಹುಡುಕುವುದಕ್ಕಿಂತ ಸುಲಭ.